ಮಂಡಿ ಮಡಿಸಲು ಊರಿಗಾಮಿಗೆ

ಮಾಘ ಮಾಸದ ಒಂದು ಸೋಮವಾರ, ಚಳಿ ಇನ್ನೂ ಬಿಡದ ಹೊತ್ತಿನಲ್ಲಿ, ತುಮಕೂರಿನಿಂದ ಹೊರಟೆ. ಒಂದು ಟ್ರಂಕು, ಒಂದು ಹಾಸಿಗೆಯ ಸುರುಳಿ, ಒಂದು ಊರುಗೋಲು. ಬೆಂಗಳೂರಿನಲ್ಲಿ ರೈಲು ಬದಲಿಸಿ ಬಂಗಾರಪೇಟೆ ಸೇರುವಾಗ ಮಧ್ಯಾಹ್ನ ಮೂರು ದಾಟಿತ್ತು. ಹೊಸ ಪೈಸೆ ಬಂದಿದ್ದರೂ ಪ್ಲಾಟ್‌ಫಾರಂನ ಕಡಲೇಕಾಯಿಯವಳು ಆಣೆಯಲ್ಲೇ ಬೆಲೆ ಹೇಳುತ್ತಿದ್ದಳು. ಅಲ್ಲಿಂದ ಗಣಿಯ ಕಡೆಗೆ ಹೋಗುವ ಸಣ್ಣ ರೈಲು ಹಿಡಿದರೆ ಊರಿಗಾಂ ಮುಕ್ಕಾಲು ಗಂಟೆಯ ದಾರಿ.

ಪ್ರಯಾಣದ ಉದ್ದೇಶವನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಚಿನ್ನದ ಗಣಿ ನೋಡಲು ಹೋದವನಲ್ಲ. ನೆಲದ ಮೇಲೆ ಕೂರಲು ಕಲಿಯಲು ಹೋದವನು.

ಹಿಂದಿನ ವರ್ಷ ಮೆಟ್ಟಿಲ ಮೇಲೆ ಜಾರಿ ಬಿದ್ದು ಬಲಮಂಡಿಯ ಚಿಪ್ಪು ಒಡೆದಿತ್ತು. ಪ್ಲಾಸ್ಟರು ಬಿಚ್ಚಿದ ಡಾಕ್ಟರು, “ಮೂಳೆ ಚೆನ್ನಾಗಿ ಕೂಡಿದೆ. ಇನ್ನು ದಿನಾ ಮಡಿಸಿ. ನೋಯುತ್ತೆ, ನೋಯಲಿ,” ಎಂದಿದ್ದರು. ಶಾಲೆಯ ಹಾಸ್ಟೆಲಿನ ಮೇಲ್ವಿಚಾರಕನಾಗಿ ಮೂವತ್ತು ವರ್ಷ ಬೆಳಗಿನ ಐದರ ಗಂಟೆಯನ್ನು ಒಂದು ದಿನವೂ ತಪ್ಪಿಸದವನು ನಾನು. ಆದರೆ ಈ ಒಂದು ಕೆಲಸವನ್ನು ಮಾತ್ರ ನಾಳೆ ಎಂದು ತಳ್ಳಿದೆ. ಮಡಿಸಿದ ಕೂಡಲೇ ಒಳಗೆ ಕಟಕ್ಕೆಂದು ಸದ್ದಾಗುತ್ತಿತ್ತು. ಮತ್ತೆ ಮುರಿಯಿತೆಂದು ಹೆದರಿ ಕಾಲು ಚಾಚಿಬಿಡುತ್ತಿದ್ದೆ. ಆರು ತಿಂಗಳಲ್ಲಿ ಮಂಡಿ ಸೆಟೆದುಕೊಂಡಿತು. ಹುಡುಗರ ಸಾಲಿನಲ್ಲಿ ಚಕ್ಕಳಮಕ್ಕಳ ಹಾಕಿ ಉಂಡವನಿಗೆ ನನ್ನಾಕೆ ರುಕ್ಮಿಣಿ ಮೇಜು ಕುರ್ಚಿ ಹಾಕಿಸಿದಳು. ಮನೆಯವರೆಲ್ಲ ಕೆಳಗೆ, ನಾನೊಬ್ಬ ಮೇಲೆ, ಅವರ ನೆತ್ತಿಗಳನ್ನು ನೋಡುತ್ತಾ ಉಣ್ಣುತ್ತಿದ್ದೆ. ಕೂರಲಾಗದವನಿಗೆ ಬೆಳಗಿನ ಇನ್ನೊಂದು ಕೆಲಸವೂ ಎಷ್ಟು ಕಷ್ಟವೆಂದು ಓದುಗರೇ ಊಹಿಸಿಕೊಳ್ಳಬಹುದು.

ಊರಿಗಾಮಿನಲ್ಲಿರುವ ತಂಗಿ ಶಾರದೆ ಆಗ ಕಾಗದ ಬರೆದಳು: “ಇಲ್ಲಿ ಮುನಿಸ್ವಾಮಿ ಎಂಬ ನಿವೃತ್ತ ಗಣಿ ಕೆಲಸಗಾರರಿದ್ದಾರೆ. ಬಂಡೆ ಬಿದ್ದು ಅವರ ಕಾಲು ನಿನ್ನದಕ್ಕಿಂತ ಕೆಟ್ಟಿತ್ತು. ಈಗ ಎರಡು ಕೊಡ ನೀರು ಹೊರುತ್ತಾರೆ. ಬಂದು ಹತ್ತು ದಿನ ಇರು.”

ಬಂದ ದಿನದ ಸಂಜೆಯೇ ಮುನಿಸ್ವಾಮಿ ಸಿಕ್ಕರು. ಸುಮಾರು ನನ್ನದೇ ವಯಸ್ಸು. ಹುಟ್ಟಿದ್ದು ಕಾಮಸಮುದ್ರದ ಕಡೆ, ಬೇಸಾಯದ ಮನೆಯಲ್ಲಿ. ದುಡಿದದ್ದು ಗಣಿಯೊಳಗೆ, ಮೇಲಿನ ಬಂಡೆ ಕುಸಿಯದಂತೆ ಮರದ ಕಂಬಗಳನ್ನು ಕೊಟ್ಟು ನಿಲ್ಲಿಸುವ ಕೆಲಸದಲ್ಲಿ. ನನ್ನ ಕಾಲನ್ನು ಮೇಲಿಂದ ಕೆಳಕ್ಕೆ ನೋಡಿ ಹೇಳಿದರು:

“ಮೇಷ್ಟ್ರೇ, ಬೆಳಿಗ್ಗೆ ಸಂಗು ಊದಿದ ಕೂಡ್ಲೆ ಆ ದಿಬ್ಬದ ತಾವ ಬಂದ್ಬುಡಿ. ನಾನು ಯಾರ್ಗೂ ಕಾಯೋನಲ್ಲ.”

“ಸಂಗು ಎಂದರೆ ಶಂಖ ತಾನೆ?”

“ಊಂ, ಶಂಖಾನೇ,” ಎಂದು ಹೊರಟೇಹೋದರು.

ಮರುದಿನ ನಾಲ್ಕೂವರೆಗೆ ಎದ್ದೆ. ಸ್ನಾನ ಮುಗಿಸಿ, ಕೋಟು ತೊಟ್ಟು, ಜಗುಲಿಯ ಕುರ್ಚಿಯಲ್ಲಿ ಕೂತೆ. ಬೀದಿಯ ಕೊನೆಯಲ್ಲಿ ಮಾರಮ್ಮನ ಗುಡಿ ಇತ್ತು. ಶಂಖ ಅಲ್ಲಿಂದಲೇ ಬರಬೇಕೆಂದು ಆ ಕಡೆಗೇ ಕಿವಿ ಇಟ್ಟಿದ್ದೆ. ನಡುವೆ ಗಣಿಯ ಸೈರನ್ನು ಉದ್ದಕ್ಕೆ ಕೂಗಿತು. ಕೆಲಸಗಾರರು ಊಟದ ಕ್ಯಾರಿಯರು ಹಿಡಿದು ದಡದಡ ನಡೆದರು. ಶಂಖ ಮಾತ್ರ ಊದಲಿಲ್ಲ. ಬಿಸಿಲು ಜಗುಲಿಗೆ ಬಂದ ಮೇಲೆ ಮುನಿಸ್ವಾಮಿಯೇ ಬಂದರು, ಮೊಣಕಾಲಿನವರೆಗೂ ಬಿಳಿ ಧೂಳು.

“ಏನ್ ಮೇಷ್ಟ್ರೇ, ಮದ್ವೆ ಗಂಡಿನಂಗೆ ಕೂತಿದ್ದೀರಾ?”

“ಶಂಖ ಊದಲೇ ಇಲ್ಲವಲ್ಲ!”

ಒಳಗಿದ್ದ ಶಾರದೆ ಬಾಗಿಲು ಹಿಡಿದುಕೊಂಡು ನಕ್ಕಳು. “ಅಯ್ಯೋ ಅಣ್ಣಾ, ಇಲ್ಲಿ ಸಂಗು ಅಂದ್ರೆ ಗಣಿ ಸೈರನ್ನು! ತಮಿಳಿನವರ ಮಾತು, ಎಲ್ಲರ ಬಾಯಲ್ಲೂ ಅದೇ.”

“ನೀವು ಕಾಯ್ತಿದ್ದ ಶಂಖ ಊದಿದ್ರೆ,” ಎಂದರು ಮುನಿಸ್ವಾಮಿ, “ನಾನು ದಿಬ್ಬಕ್ಕಲ್ಲ, ಸತ್ತೋರ ಜೊತೆ ಮಸಾಣಕ್ಕೆ ಬರ್ಬೇಕಾಗಿತ್ತು!”

ತಡವಾಗಿ ಬಂದ ಹುಡುಗರನ್ನು ಮೂವತ್ತು ವರ್ಷ ಹೊರಗೆ ನಿಲ್ಲಿಸಿದವನು ಅಂದು ಮೊದಲ ಸಲ ತಡವಾದೆ. ಬುಧವಾರ ಸೈರನ್ನಿಗೆ ಮೊದಲೇ ದಿಬ್ಬದ ಬುಡದಲ್ಲಿದ್ದೆ.

ಚಿನ್ನ ತೆಗೆದು ಉಳಿದ ಅದಿರಿನ ಪುಡಿಯನ್ನು ಸುರಿದು ಸುರಿದು ಬೆಳೆದ ಗುಡ್ಡ ಅದು; ಸೈನೈಡ್ ದಿಬ್ಬ ಎನ್ನುತ್ತಾರೆ. ಗಾಳಿ ಎದ್ದ ದಿನ ಯಾರೂ ಅತ್ತ ಸುಳಿಯುವುದಿಲ್ಲ. ಬೆಳಗಿನ ತೇವದಲ್ಲಿ ಧೂಳು ಏಳದು. ಒಂದು ಹೆಜ್ಜೆ ಮೇಲಿಟ್ಟರೆ ಅರ್ಧ ಹೆಜ್ಜೆ ಹಿಂದಕ್ಕೆ ಜಾರುತ್ತದೆ. ಮೆತ್ತನೆಯ ಪುಡಿಯಲ್ಲಿ ಊರುಗೋಲು ಹೂತುಹೋಗುವುದರಿಂದ ಅದರ ನೆಚ್ಚಿಕೆಯೂ ಇಲ್ಲ, ಮಂಡಿಯನ್ನೇ ಎತ್ತಬೇಕು. ಇಪ್ಪತ್ತು ಹೆಜ್ಜೆಗೆ ಬೆವರು ಕಿತ್ತು ಬಂತು. “ಸಾಕು, ಇಳೀರಿ. ನಾಳೆ ಇಪ್ಪತ್ತೊಂದು,” ಎಂದರು ಮುನಿಸ್ವಾಮಿ.

ನಿಜವಾದ ಕಷ್ಟ ಮಧ್ಯಾಹ್ನ, ಅವರ ಮನೆಯ ಜಗುಲಿಯಲ್ಲಿ. ಜಗುಲಿಕಟ್ಟೆಯ ಮೇಲೆ ಕಾಲು ಚಾಚಿ ಕೂತು, ಎರಡು ಕೈಯಿಂದ ಪಾದ ಹಿಡಿದು ಹಿಮ್ಮಡಿಯನ್ನು ತೊಡೆಯ ಕಡೆಗೆ ಎಳೆಯಬೇಕು. ಮೊದಲ ದಿನ ಹಿಮ್ಮಡಿಗೂ ತೊಡೆಗೂ ನಡುವೆ ಒಂದು ಮೊಳ. ಎರಡನೆಯ ದಿನ ಅದೇ ಕಟಕ್ ಸದ್ದು ಬಂತು. ಕಾಲು ಚಾಚಿಬಿಟ್ಟೆ. “ಮುನಿಸ್ವಾಮಿ, ಇದು ನನ್ನಿಂದಾಗದು. ಮುರಿಯುತ್ತೆ. ನಾಳೆಯ ರೈಲಿಗೆ ಹೊರಡುತ್ತೇನೆ.”

ಅವರು ನನ್ನ ಪಕ್ಕ ಮೊಣಕಾಲೂರಿ, ತಲೆ ಬಾಗಿಸಿ, ಮಂಡಿಗೆ ಕಿವಿ ಇಟ್ಟರು. “ಊಂ. ಇನ್ನೊಂದು ಸಲ ಮಡಿಸ್ರಿ.”

ಹಿತ್ತಲಿನಿಂದ ಬಂದ ಅವರ ಹೆಂಡತಿ ಪಾಪಮ್ಮ ಕೊಡ ಇಳಿಸಿ ನಿಂತರು. “ಏನಯ್ಯೋ ಇದು, ಮೇಷ್ಟ್ರ ಮಂಡಿಗೆ ಮುತ್ತು ಕೊಡ್ತಿದ್ದೀಯಾ?”

“ಸುಮ್ಕಿರೇ. ಕೇಳಾಕೆ ಬಿಡು.”

ಮಡಿಸಿದೆ. ಕಟಕ್. ಮುನಿಸ್ವಾಮಿ ತಲೆ ಎತ್ತಿದರು.

“ಗಣಿಯಾಗೆ ಮರ ಮಾತಾಡ್ತದೆ ಮೇಷ್ಟ್ರೇ. ಮುರಿಯೋ ಮರ ಚುರುಚುರು ಅಂತದೆ, ಸಣ್ಣಗೆ, ಬಿಡದಂಗೆ. ಅದು ಕೇಳಿದ್ರೆ ಓಡ್ಬೇಕು, ಇಂದಕ್ಕೆ ತಿರುಗಿ ನೋಡಬಾರ್ದು. ಬಂಡೆ ಭಾರ ತಕ್ಕೊಂಡು ಕೂರೋ ಮರ ಇದೆಯಲ್ಲ, ಅದು ಒಂದೇ ಸಲ ಕಟಕ್ ಅಂತದೆ, ಆಮೇಲೆ ಸುಮ್ಕಾಗ್ತದೆ. ನಾನು ಮೊದಲ್ನೇ ವರ್ಷ ಎಲ್ಲಾ ಸದ್ದಿಗೂ ಓಡ್ತಿದ್ದೆ. ನಮ್ ಮೇಸ್ತ್ರಿ ಅಂದ, ‘ಲೇ, ಕೂರೋ ಮರಕ್ಕೂ ಓಡಿದ್ರೆ ಕೆಲ್ಸ ಯಾವಾಗ್ಲಾ ಮಾಡ್ತೀಯಾ?’ ಅಂತ. ನಿಮ್ದು ಕೂರೋ ಸದ್ದು. ಡಾಕ್ಟ್ರು ಕೂಡಿದೆ ಅಂದವ್ರಲ್ಲ, ಮತ್ಯಾಕೆ ಓಡ್ತೀರಾ?”

ಅಷ್ಟೇ. ನೋವು ಅಂದೂ ಕಡಿಮೆಯಾಗಲಿಲ್ಲ, ಮರುದಿನವೂ ಆಗಲಿಲ್ಲ. ಆದರೆ ಇದು ಯಾವ ನೋವೆಂದು ಗೊತ್ತಾಗಿತ್ತು. ಆರು ತಿಂಗಳು ನನ್ನನ್ನು ಕುರ್ಚಿಗೆ ಕಟ್ಟಿಹಾಕಿದ್ದು ಮಂಡಿಯಲ್ಲ, ಆ ಸದ್ದನ್ನು ತಪ್ಪಾಗಿ ಕೇಳಿದ ಕಿವಿ. ರೈಲಿನ ಮಾತನ್ನು ಮತ್ತೆ ಎತ್ತಲಿಲ್ಲ.

ಐದನೆಯ ದಿನ ಮಂಡಿ ಊದಿಕೊಂಡಿತು. ಇಂದು ರಜೆ ಸಿಗುತ್ತದೆಂದು ಒಳಗೊಳಗೇ ಖುಷಿಪಟ್ಟೆ. ಮುನಿಸ್ವಾಮಿ ಒತ್ತಿ ನೋಡಿ ತಣ್ಣೀರಿನ ಬಟ್ಟೆ ಹಾಕಿದರು. “ದಿಬ್ಬ ಬ್ಯಾಡ. ಮಡಿಸೋದು ಕಮ್ಮಿ ಮಾಡಿ. ಆದ್ರೆ ಮಡಿಸ್ದೆ ಮಾತ್ರ ಮಲಗ್ಬ್ಯಾಡಿ.” ಅಂದು ಮೂರೇ ಸಲ ಮಡಿಸಿದೆ. ಚಳಿಯಲ್ಲಿ ತಣ್ಣೀರು ಸ್ನಾನ ತಪ್ಪಿಸಿಕೊಳ್ಳುತ್ತಿದ್ದ ಹುಡುಗರನ್ನು ನಾನು ಸೋಮಾರಿಗಳೆಂದು ಗದರುತ್ತಿದ್ದೆ. ಬೆಳಗಿನ ತಣ್ಣೀರು ನನಗೆಂದೂ ಕಷ್ಟವಾಗಿರಲಿಲ್ಲ. ಸುಲಭವಾದದ್ದನ್ನು ದಿನಾ ಮಾಡಿ ಅದನ್ನೇ ಶಿಸ್ತು ಎಂದುಕೊಂಡಿದ್ದೆ. ಕಷ್ಟವಾದದ್ದನ್ನು ದಿನಾ ಮಾಡುವುದು ಬೇರೆಯೇ ಕೆಲಸ, ಅದನ್ನು ಐವತ್ತೆಂಟನೆಯ ವಯಸ್ಸಿನಲ್ಲಿ ಆ ಜಗುಲಿಯ ಮೇಲೆ ಕಲಿತೆ.

ಒಂಬತ್ತನೆಯ ದಿನ ಹಿಮ್ಮಡಿಗೂ ತೊಡೆಗೂ ನಡುವೆ ನಾಲ್ಕು ಬೆರಳು ಉಳಿದಿತ್ತು. ದಿಬ್ಬದ ನೆತ್ತಿಗೂ ಹತ್ತಿದ್ದೆ. ಮಧ್ಯಾಹ್ನ ಪಾಪಮ್ಮ ನೆಲದ ಮೇಲೆ ಮೂರು ತಟ್ಟೆ ಇಟ್ಟು, ಮುದ್ದೆ ಹಾಕಿ, ಹಿತಕಿದ ಅವರೇಕಾಳಿನ ಸಾರು ಬಡಿಸಿದರು. ಗೋಡೆ ಹಿಡಿದು ಇಳಿದೆ. ಎಡಗಾಲು ಮಡಿಸಿದೆ, ಬಲಗಾಲನ್ನು ಕೈಯಿಂದ ಎಳೆದುಕೊಂಡೆ. ಬಲಮಂಡಿ ಗೋಪುರದಂತೆ ಮೇಲೆದ್ದಿತ್ತು, ಆದರೂ ಕೂತಿದ್ದೆ. ಎರಡು ಮುದ್ದೆ ಉಂಡೆ. ಏಳುವಾಗ ಮಾತ್ರ ಗಂಡಹೆಂಡಿರಿಬ್ಬರೂ ತೋಳು ಹಿಡಿದು ಎತ್ತಬೇಕಾಯಿತು.

“ಕೂರೋದು ನಾನು ಕಲಿಸ್ದೆ,” ಎಂದರು ಮುನಿಸ್ವಾಮಿ. “ಏಳೋದು ನಿಮ್ಮೂರಾಗೆ ನೀವೇ ಕಲೀರಿ.”

ಮರುದಿನ ಬೆಳಗಿನ ರೈಲಿಗೆ ಹೊರಟೆ. ಊರುಗೋಲು ಶಾರದೆಯ ಮನೆಯಲ್ಲೇ ಉಳಿಯಿತು. ಅವಳು ಅದರಿಂದ ಬಟ್ಟೆ ಹರವುತ್ತಾಳಂತೆ. ಬಂಗಾರಪೇಟೆಯ ಸೇತುವೆಯ ಮೆಟ್ಟಿಲನ್ನು ಟ್ರಂಕು ಹೊತ್ತ ಕೂಲಿಯ ಹಿಂದೆ, ನಿಂತು ನಿಂತು, ನಾನೇ ಹತ್ತಿ ಇಳಿದೆ. ತುಮಕೂರು ಮುಟ್ಟಿದಾಗ ದೀಪ ಹಚ್ಚುವ ಹೊತ್ತು.

ಊಟಕ್ಕೆ ರುಕ್ಮಿಣಿ ಎಂದಿನಂತೆ ಮೇಜು ಒರೆಸುತ್ತಿದ್ದಳು. “ನನ್ನ ಎಲೆಯನ್ನೂ ಕೆಳಗೆ ಹಾಕು,” ಎಂದೆ.

ಅವಳು ಒರೆಸುವ ಬಟ್ಟೆ ಹಿಡಿದು ನಿಂತಳು. “ಕೂತುಬಿಡ್ತೀರಿ ಸರಿ. ಆಮೇಲೆ ಏಳಿಸೋದಕ್ಕೆ ಯಾರನ್ನ ಕರೀಲಿ?”

“ಯಾರನ್ನೂ ಕರೆಯಬೇಡ. ನೀವೆಲ್ಲ ಎದ್ದು ಕೈ ತೊಳೆದುಕೊಂಡು ಹೋಗಿ. ನನಗೆ ಸ್ವಲ್ಪ ಹೊತ್ತು ಹಿಡಿಯುತ್ತೆ.”