ಎಂಟು ಸಾವಿರ ವೋಲ್ಟಿಗೆ ಬದಲು ಇನ್ನೂರ ಮೂವತ್ತು

ಹೋದ ವರ್ಷ ಶೇಂಗಾ ಕಾಯಿ ಕಟ್ಟುವ ಹೊತ್ತಿನಲ್ಲಿ ನಡೆದದ್ದು. ಪಾಮನಕಲ್ಲೂರಿನ ಹತ್ತಿರ ನಮ್ಮ ಹೊಲ. ಹಂದಿಗಳ ಕಾಟಕ್ಕೆ ಸುತ್ತಲೂ ಝಟಕಾ ಬೇಲಿ ಹಾಕಿಸಿದ್ದೆವು. ಅದಕ್ಕೆ ಕರೆಂಟು ಕೊಡುವ ಬ್ಯಾಟರಿ ಡಬ್ಬಿ ಪಂಪ್‌ಸೆಟ್ ಕೋಣೆಯಲ್ಲಿತ್ತು. ಅದರ ಮೇಲೆ ‘8 ಕೆವಿ’ ಎಂದು ಬರೆದಿತ್ತು. ಕಿಲೋ ಎಂದರೆ ಸಾವಿರ, ಅಂದರೆ ಎಂಟು ಸಾವಿರ ವೋಲ್ಟ್. ಮೊದಮೊದಲು ಹೆದರಿದ್ದ ಅತ್ತೆ ಕೂಡ, ಒಂದೆರಡು ಸಲ ಚಟ್ಟನೆ ಹೊಡೆಸಿಕೊಂಡ ಮೇಲೆ ಅದನ್ನು ಇರುವೆ ಕಡಿತದಷ್ಟೂ ಲೆಕ್ಕಕ್ಕಿಡುತ್ತಿರಲಿಲ್ಲ.

ಅಂದು ಬೆಳಿಗ್ಗೆ ನಮ್ಮ ಮನೆಯವರು ಸಿಂಧನೂರಿಗೆ ಹೋಗಿದ್ದರು. ನಾನು ಮೊದಲು ಹೊಲಕ್ಕೆ ಬಂದೆ, ಅತ್ತೆ ಬುತ್ತಿ ಕಟ್ಟಿಕೊಂಡು ಹಿಂದಿನಿಂದ ಬರುವವರಿದ್ದರು. ಬೇಲಿಯಲ್ಲಿ ಕರೆಂಟು ಇದೆಯೋ ಇಲ್ಲವೋ ನೋಡಲು ನಾವು ಹಸಿ ಹುಲ್ಲಿನ ಎಸಳನ್ನು ತಂತಿಗೆ ತಾಗಿಸುತ್ತೇವೆ. ತಾಗಿಸಿದೆ, ಏನೂ ಆಗಲಿಲ್ಲ. ಬ್ಯಾಟರಿ ಸತ್ತಿರಬೇಕು ಎಂದುಕೊಂಡು, ಜೋತುಬಿದ್ದ ತಂತಿಯನ್ನು ಎರಡೂ ಕೈಯಿಂದ ಎಳೆದು ಬಿಗಿದೆ. ಆಮೇಲೆ ಕೋಣೆಗೆ ಹೋದೆ.

ಡಬ್ಬಿ ಇರಲಿಲ್ಲ. ಬೇಲಿಯ ವೈರನ್ನು ನೇರವಾಗಿ ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿ ಸ್ವಿಚ್ಚು ಒತ್ತಲಾಗಿತ್ತು. ಇದೇನಪ್ಪಾ ಎಂದು ನೋಡುತ್ತಿರುವಾಗಲೇ ತಲೆಯ ಮೇಲಿನ ಬಲ್ಬು ಹೊತ್ತಿತು. ಅಷ್ಟು ಹೊತ್ತು ಕರೆಂಟು ಹೋಗಿತ್ತು, ಅಷ್ಟೇ.

ಜೀವ ಬಾಯಿಗೆ ಬಂತು. ಸ್ವಿಚ್ಚು ಆರಿಸಿ ಹೊರಗೆ ಓಡಿದೆ. ಅತ್ತೆ ಸೀರೆ ಎತ್ತಿ ಕಟ್ಟಿ, ತಂತಿಯನ್ನು ಕೈಯಿಂದ ಕೆಳಗೆ ಒತ್ತಿ ಹಿಡಿದು ದಾಟುತ್ತಿದ್ದರು.

“ಯಾಕವಾ, ದೆವ್ವ ಬಡದಂಗ ಓಡಾಕತ್ತಿ?” ಎಂದರು.

ನಾನು ಬದಿಗೆ ಬಂದು ಗಂಡನಿಗೆ ಫೋನ್ ಹಚ್ಚಿ ಬಾಯಿಗೆ ಬಂದಂತೆ ಬೈದೆ.

“ಡಬ್ಬಿ ಕೆಟ್ಟಿತ್ತು, ರಿಪೇರಿಗೆ ತಂದೀನಿ. ಎಂಟು ಸಾವಿರ ವೋಲ್ಟಿಗೇ ನಮಗೇನೂ ಆಗಿಲ್ಲ, ಮನಿ ಕರೆಂಟ್ ಬರೀ ಇನ್ನೂರಾ ಮೂವತ್ತು. ಅದೇನ್ ಮಾಡ್ತದ?” ಎಂದರು.

“ಡಬ್ಬಿ ಕಣ್ಣು ಮಿಟುಕಸೂದ್ರಾಗ ಬಡದು ಬಿಟ್ಟುಬಿಡ್ತದ್ರೀ. ಈ ಕರೆಂಟ್ ಹಿಡದ್ರ ಹೆಣ ಆಗೂತನಕ ಬಿಡೂದಿಲ್ಲ. ಈಗ ನಿಮ್ಮವ್ವ ಆ ತಂತಿ ಹಿಡಕೊಂಡೇ ದಾಟ್ಯಾರ.”

ಅವರು ಸಣ್ಣ ದನಿಯಲ್ಲಿ ಕೇಳಿದರು: “ಅವ್ವ ಎಲ್ಲಿದ್ದಾಳ?”

“ಇಲ್ಲೇ ಕುಂತು ಬುತ್ತಿ ಬಿಚ್ಚಾಕತ್ತಾರ.”

ಅವರು ರಿಪೇರಿ ಅಂಗಡಿಯ ಮುಂದೆ ನಿಂತು ಫೋನಿನಲ್ಲೇ ಅತ್ತುಬಿಟ್ಟರು. ಮತ್ತೆ ಬೈಯಲು ನನಗೆ ಮನಸ್ಸಾಗಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರೆ, ನಮಗೆ ಕೆಡುವ ಮೊದಲೇ ಬಂದದ್ದು ಪುಣ್ಯ. ಅತ್ತೆ ರೊಟ್ಟಿ ಕೊಟ್ಟರು. ನನ್ನ ಕೈ ಎಷ್ಟು ನಡುಗುತ್ತಿತ್ತೆಂದರೆ ರೊಟ್ಟಿ ಮಣ್ಣಿಗೆ ಬಿತ್ತು. “ಹಸದೀದಿ, ಅದಕ್ಕ ನಡಗಾಕತ್ತಿ, ಉಣ್ಣು” ಎಂದು ಅವರೇ ತುತ್ತು ಮಾಡಿ ನನ್ನ ಬಾಯಿಗಿಟ್ಟರು.