ಅತ್ತೆ ಅಡುಗೆಮನೆಯಲ್ಲಿ ಶಾಲೆ ತೆರೆದ ವರ್ಷ

ಹೋದ ಶುಕ್ರವಾರ ಮಡಿಕೇರಿ ಸಂತೆಯಿಂದ ಕಿತ್ತಳೆ ತಂದೆ. ನಾಗಪುರದ್ದಲ್ಲ, ನಮ್ಮ ಕೊಡಗಿನದೇ. ಸಿಪ್ಪೆ ಸಡಿಲ, ಅಲ್ಲಲ್ಲಿ ಹಸಿರು, ನೋಡಲು ಏನೇನೂ ಚೆಂದವಿಲ್ಲ. ಈಗ ಅದು ಸಿಗುವುದೇ ಅಪರೂಪ. ಉಗುರು ತಾಗಿಸಿದ್ದೇ ತಡ, ಆ ವಾಸನೆ ಮೂಗಿಗೆ ಬಡಿದು ನಾನು ಹಣ್ಣು ತಿನ್ನುವುದನ್ನೇ ಮರೆತು ಕುಳಿತೆ. ಅತ್ತೆ ಪಾಠ ಶುರು ಮಾಡುವ ಮೊದಲು ಒಲೆಯ ಕೆಂಡದ ಮೇಲೆ ಒಣಗಿದ ಕಿತ್ತಳೆ ಸಿಪ್ಪೆ ಹಾಕುತ್ತಿದ್ದರು. ಸೊಳ್ಳೆ ಓಡಿಸಲು ಎನ್ನುತ್ತಿದ್ದರು. ಸೊಳ್ಳೆ ಓಡುತ್ತಿತ್ತೋ ಇಲ್ಲವೋ... ನನಗಂತೂ ಓದು ಎಂದರೆ ಇವತ್ತಿಗೂ ಆ ವಾಸನೆಯೇ.

ಅತ್ತೆ ಎಂದರೆ ಅಪ್ಪನ ಅಕ್ಕ. ತಮ್ಮ ಹುಟ್ಟುವಾಗ ಅಮ್ಮ ತೀರಿಕೊಂಡಳು. ಗಂಡನನ್ನು ಕಳೆದುಕೊಂಡಿದ್ದ ಅತ್ತೆ ಒಂದು ಟ್ರಂಕು ಹಿಡಿದು ಬಂದವರು ಮತ್ತೆ ಹಿಂದಿರುಗಲಿಲ್ಲ. ಅಪ್ಪ ಸುಂಟಿಕೊಪ್ಪಕ್ಕೂ ಮಾದಾಪುರಕ್ಕೂ ನಡುವಿನ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದರು. ಆಳುಗಳ ಹಾಜರಿ, ಸಾಹುಕಾರರಿಗೆ ಕಾಗದ, ಎಲ್ಲ ಅವರದೇ. ಕೊಡಗು ಆಗಿನ್ನೂ ಮೈಸೂರಿಗೆ ಸೇರಿರಲಿಲ್ಲ. ನಮ್ಮದೇ ಪುಟ್ಟ ರಾಜ್ಯ, ಮಡಿಕೇರಿಯೇ ನಮ್ಮ ದಿಲ್ಲಿ. ಎಸ್ಟೇಟಿನಲ್ಲಿ ನಮ್ಮದೊಂದೇ ಕ್ರೈಸ್ತ ಮನೆ. ನನಗೆ ಹತ್ತು ವರ್ಷ, ತಮ್ಮನಿಗೆ ಏಳು.

ಶಾಲೆ ಇದ್ದದ್ದು ಮಾದಾಪುರದಲ್ಲಿ, ನಾಲ್ಕು ಮೈಲಿ ದೂರ. ನಡುವೆ ಒಂದು ಹೊಳೆ, ಅದರ ಮೇಲೆ ಎರಡು ಮರದ ದಿಮ್ಮಿಯ ಸಂಕ. ಆ ವರ್ಷದ ಜುಲೈ ಮಳೆಗೆ ಸಂಕ ಕೊಚ್ಚಿಹೋಯಿತು. ನಾವು ಆಚೆ ದಡದಲ್ಲಿ ಸಿಕ್ಕಿಕೊಂಡೆವು. ಕತ್ತಲಾಗುವ ಹೊತ್ತಿಗೆ ಯಾರೋ ಹೆಗಲ ಮೇಲೆ ಹೊತ್ತು ದಾಟಿಸಿದರು. ಅಪ್ಪ ಹೆದರಿಹೋದರು. ನನ್ನನ್ನು ಮಡಿಕೇರಿಯ ಹುಡುಗಿಯರ ಬೋರ್ಡಿಂಗಿಗೆ, ತಮ್ಮನನ್ನು ಮಂಗಳೂರಿನ ಹುಡುಗರ ಹಾಸ್ಟೆಲಿಗೆ ಸೇರಿಸುವುದೆಂದು ತೀರ್ಮಾನಿಸಿಬಿಟ್ಟರು. ಅವನಿಗೆ ಸ್ವಂತ ಚಡ್ಡಿಯ ಗುಂಡಿ ಹಾಕಿಕೊಳ್ಳಲು ಬರುತ್ತಿರಲಿಲ್ಲ.

"ಒಂದು ವರ್ಷ ನನ್ ಕೈಲಿ ಬಿಡು," ಎಂದರು ಅತ್ತೆ. "ಮನೇಲೇ ಕಲಿಸ್ತೇನೆ."

"ನೀನು ಓದಿದ್ದು ನಾಲ್ಕನೇ ಕ್ಲಾಸು, ಅಕ್ಕ."

"ಇವರೂ ಅಷ್ಟೇ ಓದ್ಬೇಕಿರೋದು ಈಗ. ಐದನೇದು ಬಂದಾಗ ನೋಡುವ."

ಅಪ್ಪ ಒಂದು ಷರತ್ತು ಹಾಕಿ ಒಪ್ಪಿದರು. ಬರುವ ಮೇ ತಿಂಗಳಲ್ಲಿ ಮಾದಾಪುರದ ಹೆಡ್ ಮಾಸ್ಟರ ಮುಂದೆ ಇಬ್ಬರೂ ಓದಿ, ಲೆಕ್ಕ ಮಾಡಿ ತೋರಿಸಬೇಕು. ಪಾಸಾದರೆ ಮನೆಪಾಠ ಮುಂದುವರಿಯಲಿ. ಇಲ್ಲವಾದರೆ ಬೋರ್ಡಿಂಗು, ಹಾಸ್ಟೆಲು. ನಾವಿಬ್ಬರೂ ಬಾಗಿಲ ಸಂದಿಯಲ್ಲಿ ನಿಂತು ಎಲ್ಲ ಕೇಳಿಸಿಕೊಂಡೆವು.

ಈಗ ಇದಕ್ಕೆ ಹೋಮ್ ಸ್ಕೂಲಿಂಗ್ ಎಂದು ಹೆಸರಂತೆ. ನಮ್ಮ ಚರ್ಚಿನ ಸಭೆಯ ಎಳೆಯ ತಾಯಂದಿರು ಅದರ ಬಗ್ಗೆ ದಪ್ಪ ಪುಸ್ತಕ ತರಿಸಿ ಓದುತ್ತಾರೆ. ಆಗ ಹೆಸರೂ ಇಲ್ಲ, ಪುಸ್ತಕವೂ ಇಲ್ಲ. ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ ಎಂದು ಕಂಡವರೆಲ್ಲ ನಕ್ಕರು. ಅತ್ತೆ ಭಾನುವಾರ ಚರ್ಚಿಗೆ ಬರುವ ಮಕ್ಕಳಿಗೆ ವೇದದ, ಅಂದರೆ ನಮ್ಮ ಬೈಬಲಿನ, ಕಥೆ ಹೇಳಿ ಅಭ್ಯಾಸವಿದ್ದವರು, ಅಷ್ಟೇ. ಆದರೂ ಅವರಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಮಕ್ಕಳಿಗೆ ದೇವರ ಭಯವನ್ನು ಮನೆಯಲ್ಲೇ ಕಲಿಸಬಹುದಾದರೆ ಏಳರ ಮಗ್ಗಿ ಯಾವ ಮಹಾ ಎನ್ನುತ್ತಿದ್ದರು.

ಮೊದಲ ದಿನ ಅತ್ತೆ ಶಾಲೆಯನ್ನೇ ಮನೆಗೆ ತಂದುಬಿಟ್ಟರು. ನಾವು ಸ್ಲೇಟು ಹಿಡಿದು ಹಿಂಬಾಗಿಲಿಂದ ಹೊರಗೆ ಹೋಗಿ, ಮಳೆಯಲ್ಲಿ ಮನೆ ಸುತ್ತಿ, ಮುಂಬಾಗಿಲಿಂದ ಒಳಗೆ ಬರಬೇಕು. ಹಾಜರಿ ಕರೆದಾಗ ಎದ್ದು ನಿಲ್ಲಬೇಕು. ಇದ್ದವರು ಇಬ್ಬರು! ಶಾಲೆಗೆ ಗಂಟೆ ಬೇಡವೇ? ಜಗಲಿಯಲ್ಲಿ ಒಂದು ಹಳೆಯ ಕಬ್ಬಿಣದ ತುಂಡನ್ನು ನೇತುಹಾಕಿ ಒಂಬತ್ತು ಗಂಟೆಗೆ ಸರಿಯಾಗಿ ಬಾರಿಸಿದರು. ಎಸ್ಟೇಟಿನಲ್ಲಿ ಆಳುಗಳನ್ನು ಒಟ್ಟುಗೂಡಿಸುವುದೂ ಕಬ್ಬಿಣ ಬಾರಿಸಿಯೇ ಎಂಬುದು ಅವರಿಗೆ ಮರೆತುಹೋಗಿತ್ತು. ಕಳೆ ತೆಗೆಯುತ್ತಿದ್ದ ನಲವತ್ತು ಜನ ಕತ್ತಿ ಬಿಸಾಡಿ, ಬೆನ್ನಿಗೆ ಮಳೆ ತಡೆಯುವ ಗೊರಬೆ ಹಾಕಿಕೊಂಡೇ ನಮ್ಮ ಅಂಗಳಕ್ಕೆ ಓಡಿಬಂದರು. ಅಪ್ಪನಿಗೆ ಏನೋ ಆಗಿದೆ ಎಂದುಕೊಂಡಿದ್ದರು.

"ಏನಾಯ್ತಮ್ಮ? ಯಾರಿಗೇನಾಯ್ತು?" ಮೇಸ್ತ್ರಿ ಏದುಸಿರು ಬಿಡುತ್ತ ಕೇಳಿದ.

"ಯಾರಿಗೂ ಏನಿಲ್ಲ ಮಾರಾಯ," ಎಂದರು ಅತ್ತೆ. "ಮಗ್ಗಿ ಶುರುವಾಯ್ತು."

ಅಲ್ಲಿಗೆ ಗಂಟೆ ನಿಂತಿತು. ವಾರದೊಳಗೆ ಹಾಜರಿಯೂ ನಿಂತಿತು, ಮಳೆಯಲ್ಲಿ ಮನೆ ಸುತ್ತುವುದೂ ನಿಂತಿತು. ಪಾಠ ಅಡುಗೆಮನೆಯ ಒಲೆಯ ಬಳಿಗೆ ಬಂತು. ಅನ್ನ ಬೇಯುವಷ್ಟರಲ್ಲಿ ಒಂದು ಪುಟ ಕಾಪಿ, ಸಾರು ಕುದಿಯುವಷ್ಟರಲ್ಲಿ ನಾಲ್ಕು ಲೆಕ್ಕ. ಕಾಫಿ ಕೊಯ್ಲು ಬಂದ ಮೇಲೆ ಕಣವೇ ನಮ್ಮ ಕರಿಹಲಗೆಯಾಯಿತು. ಹರವಿದ ಕಾಫಿಯ ಮೇಲೆ ಬೆರಳಲ್ಲಿ ಅಕ್ಷರ ಬರೆಯುತ್ತಿದ್ದೆವು. ನಾನು ಮುಂದೆ ಮೂವತ್ತಾರು ವರ್ಷ ಟೀಚರಾಗಿದ್ದೆ, ಹೇಳುತ್ತೇನೆ ಕೇಳಿ: ಅಷ್ಟು ಚೆನ್ನಾಗಿ ಭಿನ್ನರಾಶಿ ಕಲಿಸಿದವರನ್ನು ನಾನು ಬೇರೆ ಕಡೆ ಕಂಡಿಲ್ಲ. ಒಂದು ಅಕ್ಕಿರೊಟ್ಟಿ, ಒಂದು ಕತ್ತಿ, ಹಸಿದ ಇಬ್ಬರು ಮಕ್ಕಳು, ಅಷ್ಟು ಸಾಕಾಗುತ್ತಿತ್ತು.

ಓದುವ ಪಾಠ ಮಾತ್ರ ಬೆಳಗಿನ ಪ್ರಾರ್ಥನೆಯಲ್ಲೇ ಆಗುತ್ತಿತ್ತು. ಅತ್ತೆ ಮೆಚ್ಚಿದ ಏಳೆಂಟು ಅಧ್ಯಾಯಗಳಿದ್ದವು; ಅವನ್ನೇ ತಿರುಗಿ ತಿರುಗಿ ಓದಿಸುತ್ತಿದ್ದರು. ನನ್ನದೊಂದು ವಚನ, ತಮ್ಮನದೊಂದು ವಚನ. ವೇದ ಓದುವಾಗ ಕಣ್ಣು ಮುಚ್ಚಿ, ಕೈ ಜೋಡಿಸಿ ಕೇಳುವುದು ಅತ್ತೆಯ ರೂಢಿ. ತಮ್ಮ ಗಂಟೆ ಹೊಡೆದಂತೆ ಓದುತ್ತಿದ್ದ. ಅತ್ತೆಯ ಮುಚ್ಚಿದ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಊರಿಂದ ಬಂದ ಪಾದ್ರಿ ಅಯ್ಯನವರ ಮುಂದೆಯೂ ಓದಿಸಿ ಸೈ ಎನ್ನಿಸಿಕೊಂಡರು.

ಅವನು ಓದುತ್ತಿರಲಿಲ್ಲ. ಅದು ನನಗೆ ಗೊತ್ತಿತ್ತು. ಕೇಳಿ ಕೇಳಿ ಎಲ್ಲ ಬಾಯಿಪಾಠವಾಗಿತ್ತು. ಎಲ್ಲಿ ತಡವರಿಸಿದರೂ ನಾನು ತುಟಿ ಅಲ್ಲಾಡಿಸಿ ಮೊದಲ ಪದ ಹೇಳಿಕೊಡುತ್ತಿದ್ದೆ. ಮುಂದಿನದು ಹರಿದುಕೊಂಡು ಹೋಗುತ್ತಿತ್ತು. ಮಂಗಳೂರಿಗೆ ಅವನು ಹೋಗಬಾರದು, ನನಗೆ ಇದ್ದದ್ದು ಅದೊಂದೇ ಯೋಚನೆ. ಮೋಸ ಅನ್ನಿಸಲಿಲ್ಲ, ಅವನನ್ನು ಕಾಪಾಡುತ್ತಿದ್ದೇನೆ ಎಂದುಕೊಂಡಿದ್ದೆ.

ಜನವರಿಯ ಒಂದು ಶನಿವಾರ ಅಪ್ಪ ಸುಂಟಿಕೊಪ್ಪದಿಂದ ಬೆಲ್ಲ ತಂದರು. ಕಟ್ಟಿದ್ದ ಹಳೆಯ ಪತ್ರಿಕೆಯ ಹಾಳೆಯನ್ನು ಬಿಚ್ಚಿ, ಖುಷಿಯಲ್ಲೇ ತಮ್ಮನ ಕೈಗೆ ಕೊಟ್ಟರು. "ಇದನ್ನೊಂಚೂರು ಓದು ನೋಡುವ."

ನಾನು ಒಲೆಯ ಆಚೆ ಇದ್ದೆ. ನನಗೆ ಹಾಳೆ ಕಾಣುತ್ತಿರಲಿಲ್ಲ. ತಮ್ಮ ಹಾಳೆ ನೋಡಿದ, ನನ್ನ ಮುಖ ನೋಡಿದ. ಆಮೇಲೆ ಅವನು ಎದೆ ಸೆಟೆಸಿ ನಿಂತು, ಅದೇ ರಾಗದಲ್ಲಿ, ಬೆಳಗಿನ ಪ್ರಾರ್ಥನೆಯ ಅಧ್ಯಾಯವನ್ನು ಹೇಳತೊಡಗಿದ. ಹಾಳೆಯ ಮೇಲಿದ್ದದ್ದು ಸೋಪಿನ ಜಾಹೀರಾತು.

ಅಪ್ಪ ನಗಲಿಲ್ಲ. "ಇದು ಓದಾ, ಅಕ್ಕ?" ಎಂದು ಕೇಳಿ, "ಇನ್ನು ನಾಲ್ಕೇ ತಿಂಗಳು. ಮಂಗಳೂರಿಗೆ ಕಾಗದ ಬರೆದಿಡ್ತೇನೆ," ಎಂದು ಆಫೀಸಿಗೆ ಹೋದರು. ಅತ್ತೆ ಆ ಹಾಳೆಯನ್ನು ಮಡಿಸಿ ಮಡಿಸಿ ಚಿಕ್ಕದು ಮಾಡುತ್ತ ಕುಳಿತಿದ್ದರು.

ನಮ್ಮ ಮನೆಯಲ್ಲಿ ಶನಿವಾರ ಸಂಜೆಗೆ ಒಂದು ಕ್ರಮವಿತ್ತು. ಭಾನುವಾರದ ಆರಾಧನೆಗೆ ಮೊದಲು ಒಬ್ಬರಿಗೊಬ್ಬರು ಮಾಡಿದ ತಪ್ಪು ಹೇಳಿ ಕ್ಷಮೆ ಕೇಳಬೇಕು. ಮಕ್ಕಳು ಮೊದಲು, ದೊಡ್ಡವರು ಕೊನೆಗೆ. ದೊಡ್ಡವರು ಹೇಳುತ್ತಿದ್ದದ್ದು ಅವರವರಲ್ಲೇ. ಮಕ್ಕಳ ಹತ್ತಿರ ಕ್ಷಮೆ ಕೇಳಿದ ದೊಡ್ಡವರನ್ನು ನಾನು ಕಂಡಿರಲಿಲ್ಲ. ಆ ಸಂಜೆ ಅತ್ತೆ ತಾವೇ ಮೊದಲು ಎಂದರು. ತಮ್ಮನ ಮುಂದೆ ಮಂಡಿಯೂರಿ ಅವನ ಎರಡೂ ಕೈ ಹಿಡಿದುಕೊಂಡರು.

"ಮಗಾ, ನೀನು ಓದ್ತಿಯ ಅಂತ ಕಂಡವರ ಹತ್ರ ಎಲ್ಲ ಹೇಳ್ಕೊಂಡು ತಿರುಗಿದೆ. ಕೇಳ್ಲಿಕ್ಕೆ ಚಂದ ಇತ್ತು, ಕಣ್ಣು ಮುಚ್ಕೊಂಡು ಕೂತೆ. ನಿನ್ ಕಡೆ ನೋಡ್ಲೇ ಇಲ್ಲ. ತಪ್ಪು ನಂದು, ನಿಂದಲ್ಲ. ಕ್ಷಮಿಸ್ತಿಯಾ?"

ತಮ್ಮ ಹ್ಞೂಂ ಎಂದ. "ಹಂಗಾರೆ ನಾನು ಮಂಗಳೂರಿಗೆ ಹೋಗ್ಬೇಕಾ ಅತ್ತೆ?"

"ನಾನಿರೋವರೆಗೆ ಕಳಿಸಲ್ಲ. ಆದ್ರೆ ನೀನು ಬೆವರು ಸುರಿಸ್ಬೇಕು, ಆಯ್ತಾ?"

ಆಮೇಲೆ ನನ್ನ ಸರದಿ. ಅತ್ತೆ ನನ್ನ ಕಡೆ ತಿರುಗಿದರು. ನಾನು ಬಾಯಿ ತೆರೆದೆ. ಕೇಳದೆ ಬೆಲ್ಲ ತಿಂದೆ ಎಂದೆ. ಅತ್ತೆ ತಲೆ ಸವರಿ, ಕ್ಷಮಿಸಿದೆ ಎಂದರು.

ಮರುದಿನದಿಂದ ಪ್ರಾರ್ಥನೆಯ ಹೊತ್ತು ಅತ್ತೆ ಕಣ್ಣು ಮುಚ್ಚಲಿಲ್ಲ. ನನ್ನನ್ನು ತಮ್ಮನ ಪಕ್ಕದಿಂದ ಎಬ್ಬಿಸಿ ಬಾಗಿಲ ಹತ್ತಿರ ಕೂರಿಸಿದರು. ಮೆಚ್ಚಿನ ಅಧ್ಯಾಯಗಳನ್ನು ಬಿಟ್ಟು, ಯಾರೂ ಓದದ ಆ ವಂಶಾವಳಿಗಳನ್ನು ತೆರೆದರು. ಇಂಥವನು ಇಂಥವನನ್ನು ಪಡೆದ, ಅವನು ಇನ್ನೊಬ್ಬನನ್ನು ಪಡೆದ... ಪುಟಗಟ್ಟಲೆ ಹೆಸರು, ಒಂದಕ್ಕಾದರೂ ನಾಲಿಗೆ ಹೊರಳುವುದಿಲ್ಲ. ಅದನ್ನು ಬಾಯಿಪಾಠ ಮಾಡಲು ಯಾರಿಂದಲೂ ಆಗದು. ಒಂದೊಂದು ಒತ್ತಕ್ಷರಕ್ಕೂ ತಮ್ಮ ಅತ್ತ. ಅತ್ತೆ ಕದಲಲಿಲ್ಲ. ಉಳಿದ ಹೊತ್ತಿನಲ್ಲಿ ಕಂಡ ಕಂಡ ಅಚ್ಚಿನ ತುಂಡೆಲ್ಲ ಪಾಠವೇ: ಬೆಂಕಿಪೊಟ್ಟಣ, ಔಷಧಿ ಬಾಟಲಿ, ಸಾಮಾನು ಕಟ್ಟಿದ ಹಾಳೆ. ಏಪ್ರಿಲಿನಲ್ಲಿ ಒಂದು ದಿನ ಊಟದ ನಡುವೆ ತಮ್ಮ ತಲೆ ಎತ್ತಿ, ಗೋಡೆಯ ಕ್ಯಾಲೆಂಡರಿನ ಮೇಲಿದ್ದ ಅಂಗಡಿಯ ಹೆಸರನ್ನು ತನ್ನಷ್ಟಕ್ಕೆ ಓದಿದ. ಅಪ್ಪ ಕೈತುತ್ತು ಹಿಡಿದವರು ಹಾಗೇ ಕುಳಿತರು.

ಮೇ ತಿಂಗಳಲ್ಲಿ ನಾಲ್ಕು ಮೈಲಿ ನಡೆದು ಮಾದಾಪುರಕ್ಕೆ ಹೋದೆವು. ಅತ್ತೆ ತಮ್ಮಲ್ಲಿದ್ದ ಒಂದೇ ಒಳ್ಳೆಯ ಬಿಳಿ ಸೀರೆ ಉಟ್ಟಿದ್ದರು. ನನ್ನದು ಬೇಗ ಮುಗಿಯಿತು. ಹೆಡ್ ಮಾಸ್ಟರು ತಮ್ಮನ ಮುಂದೆ ಅವನು ಕಾಣದ ಪುಸ್ತಕವೊಂದನ್ನು ತೆರೆದಿಟ್ಟರು. ಅವನು ಬೆರಳಿಟ್ಟು ಓದಿದ, ಕಲ್ಲುದಾರಿಯಲ್ಲಿ ಎತ್ತಿನಗಾಡಿ ಹೋದ ಹಾಗೆ. ಮೂರನೇ ಸಾಲಿನಲ್ಲಿ ನಿಂತ. ನನ್ನ ಕಡೆ ನೋಡಿದ. ನಾನು ನಿಂತಲ್ಲಿಂದ ಆ ಪದ ಸ್ಪಷ್ಟವಾಗಿ ಕಾಣುತ್ತಿತ್ತು. ತುಟಿ ಕಚ್ಚಿಕೊಂಡು ಕಿಟಕಿಯ ಕಡೆ ತಿರುಗಿದೆ. ಎಷ್ಟು ಹೊತ್ತೋ... ಆಮೇಲೆ ಅವನ ದನಿ ಕೇಳಿತು. ಸರಿಯಾಗಿಯೇ ಓದಿದ್ದ.

"ನಿಧಾನ," ಎಂದರು ಹೆಡ್ ಮಾಸ್ಟರು. "ಆದ್ರೆ ಓದ್ತಾನೆ. ಯಾರಮ್ಮ ಕಲಿಸಿದ್ದು?"

ಅತ್ತೆ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಿದ್ದರು. ನಾವು ಇನ್ನೂ ಮೂರು ವರ್ಷ ಆ ಒಲೆಯ ಬಳಿಯೇ ಕಲಿತೆವು. ತಮ್ಮ ಮುಂದೆ ವಕೀಲನಾದ. ಓದುವುದೇ ಅವನ ಅನ್ನವಾಯಿತು.

ನಾನು ಟೀಚರಾದ ಮೊದಲ ತಿಂಗಳಲ್ಲೇ ಒಬ್ಬ ಹುಡುಗಿ ಪಕ್ಕದವಳಿಗೆ ತುಟಿಯಲ್ಲೇ ಹೇಳಿಕೊಡುವುದನ್ನು ಹಿಡಿದೆ. ಹಿಡಿಯುವುದು ಎಷ್ಟು ಸುಲಭವೆಂದು ಆಗ ತಿಳಿಯಿತು. ಅವಳನ್ನು ಬೈಯಲು ಬಾಯಿ ಬರಲಿಲ್ಲ. ಅತ್ತೆಗೆ ಹೇಳಬೇಕು ಎಂದುಕೊಂಡೆ. ರಜೆಗೆ ಹೋದಾಗ ಹೇಳೋಣ, ಕ್ರಿಸ್ಮಸಿಗೆ ಹೇಳೋಣ... ಅತ್ತೆ ತೀರಿಕೊಂಡ ದಿನ ನಾನು ತಲುಪುವಷ್ಟರಲ್ಲಿ ಪೆಟ್ಟಿಗೆ ಮುಚ್ಚಿದ್ದರು.

ಈ ವಾರ ಇದನ್ನು ಬರೆಯಲು ಕುಳಿತ ಮೇಲೆ, ತಡೆಯಲಾರದೆ ತಮ್ಮನಿಗೆ ಫೋನ್ ಮಾಡಿದೆ. ಆ ಮೊದಲ ಪದಗಳ ವಿಷಯ ಅತ್ತೆಗೆ ನಾನು ಹೇಳಲೇ ಇಲ್ಲ ಕಣೋ ಎಂದೆ.

"ಅತ್ತೆಗೆ ಗೊತ್ತಿತ್ತು ಅಕ್ಕ. ಪೇಪರ್ ಓದಿಸಿದ ದಿನಾನೇ ಯಾರು ಹೇಳ್ಕೊಡ್ತಿದ್ದದ್ದು ಅಂತ ನನ್ನ ಕೇಳಿದ್ರು, ನಾನು ನಿನ್ ಹೆಸರು ಹೇಳಿದೆ. 'ಅಕ್ಕನಿಗೆ ಇದನ್ನ ಹೇಳ್ಬೇಡ ಮಗಾ, ಅವಳಾಗೇ ಬಂದು ಹೇಳ್ತಾಳೆ' ಅಂದ್ರು. ನಾನು ಮಾತು ಕೊಟ್ಟಿದ್ದೆ."

ಅತ್ತೆ ಆಮೇಲೆ ಇಪ್ಪತ್ತೆರಡು ವರ್ಷ ಬದುಕಿದ್ದರು. ಅಷ್ಟು ಶನಿವಾರಗಳಿದ್ದವು ನನಗೆ.