ಓನರಮ್ಮನ ನೀಲಿ ಹಣ್ಣು

ಸಣ್ಣ ಸದ್ದಾದರೂ ಸಾಕು, ಅವರ ಬಲಗೈ ಎದೆಯ ಮೇಲೆ ಹೋಗಿ ಕೂರುತ್ತಿತ್ತು. ಗಾಜಿನ ಬಳೆಗಳೆಲ್ಲ ಮೊಣಕೈ ಕಡೆಗೆ ಜಾರುತ್ತಿದ್ದವು. ಚಾಮರಾಜಪೇಟೆಯ ನಮ್ಮ ವಠಾರದ ಒಡತಿ ಅವರು, ನಮಗೆಲ್ಲ ಓನರಮ್ಮ. ಒಡತಿಗೆ ಬಾಡಿಗೆಯವರು ಹೆದರುವುದು ಲೋಕರೂಢಿ. ನಮ್ಮಲ್ಲಿ ಎಲ್ಲದಕ್ಕೂ ಹೆದರುತ್ತಿದ್ದವರು ಅವರೇ. ಅವರ ಮನೆಗೆ ಗ್ಯಾಸ್ ಒಲೆ ಬಂದಾಗ ತಿಂಗಳುಗಟ್ಟಲೆ ನನ್ನ ಅಮ್ಮನ ಕೈಯಲ್ಲೇ ಹಚ್ಚಿಸಿಕೊಂಡರು.

ತೋಟಗಾರಿಕೆ ಕೆಲಸದಲ್ಲಿದ್ದ ಬಾಡಿಗೆಯವರೊಬ್ಬರು ವರ್ಗವಾಗಿ ಹೋಗುವಾಗ ಓನರಮ್ಮನಿಗೊಂದು ಕುಂಡ ಬಿಟ್ಟುಹೋದರು. ಬ್ಲೂಬೆರಿ ಗಿಡವಂತೆ, ಹೊರದೇಶದವರು ಹಣ್ಣು ತಿನ್ನುತ್ತಾರಂತೆ, ಹುಳಿ ಮಣ್ಣು ಬೇಕಂತೆ. ಓನರಮ್ಮ ಹುಳಿ ಮಜ್ಜಿಗೆ ಹೊಯ್ದರು. ಆದರೂ ಗಿಡ ಸಾಯದೆ ಸೊಂಟದೆತ್ತರ ಬೆಳೆದು, ಒಂದು ಬೇಸಿಗೆಯಲ್ಲಿ ಬೂದಿ ಬಳಿದಂಥ ನೀಲಿ ಹಣ್ಣು ಬಿಟ್ಟಿತು.

"ಯಾರೂ ಮುಟ್ಬೇಡ್ರಪ್ಪ. ನೀಲಿ ಬಣ್ಣದ್ದು ಏನಾದ್ರೂ ನಾವು ತಿಂತೀವಾ? ಮೊದ್ಲು ಕಾಗೆ ಮುಟ್ಲಿ, ಆಮೇಲೆ ನೋಡೋಣ" ಎಂದರು.

ಕಾಗೆ ಬರಲಿಲ್ಲ. ಬಂದವಳು ನನ್ನ ತಂಗಿ, ಇನ್ನೂ ನೆಟ್ಟಗೆ ಮಾತು ಬಾರದ ಕೂಸು. ಅಮ್ಮ ನೋಡುವಷ್ಟರಲ್ಲಿ ಅವಳ ತುಟಿ, ನಾಲಿಗೆಯೆಲ್ಲ ನೀಲಿಯಾಗಿತ್ತು.

ಅಮ್ಮನ ಕೂಗಿಗೆ ವಠಾರವೇ ಸೇರಿತು. ಹೊರದೇಶದವರು ತಿನ್ನುವ ಹಣ್ಣು ಇದೇನೋ, ಇಲ್ಲಾ ವಿಷವೋ, ಒಬ್ಬರಿಗೂ ಗೊತ್ತಿಲ್ಲ. ಅಪ್ಪ ಆಟೋ ತರಲು ಓಡಿದರು. ಅಷ್ಟರಲ್ಲಿ ಓನರಮ್ಮ ಗಿಡದಲ್ಲಿ ಉಳಿದಿದ್ದ ಹಣ್ಣನ್ನೆಲ್ಲ ಕಿತ್ತು ಬಾಯಿಗೆ ಹಾಕಿಕೊಂಡರು.

"ಅಯ್ಯೋ, ಏನ್ಮಾಡ್ತಿದೀರಿ?" ಎಂದಳು ಅಮ್ಮ.

"ಎಲ್ಲಿ ನೋಯ್ತಿದೆ ಅಂತ ಮಗೂಗೆ ಹೇಳಕ್ಕೆ ಬರಲ್ಲ. ನನಗೆ ಬರತ್ತೆ. ಡಾಕ್ಟರಿಗೆ ನಾನು ಹೇಳ್ತೀನಿ, ನಡಿಯಮ್ಮ."

ಡಾಕ್ಟರಿಗೂ ಆ ಹಣ್ಣು ಹೊಸದು. ಇಬ್ಬರನ್ನೂ ಬೆಂಚಿನ ಮೇಲೆ ಕೂರಿಸಿಕೊಂಡರು. ಓನರಮ್ಮ ತಂಗಿಯ ಕೈ ಹಿಡಿದು ವರದಿ ಒಪ್ಪಿಸುತ್ತಲೇ ಇದ್ದರು: "ನಾಲಿಗೆ ಸರಿಯಾಗಿದೆ. ಹೊಟ್ಟೇನೂ ಸರಿಯಾಗಿದೆ. ಎದೆ ಹೊಡ್ಕೊಳ್ತಿದೆ, ಅದು ಯಾವಾಗ್ಲೂ ಇದ್ದದ್ದೇ." ಸಂಜೆಯ ಹೊತ್ತಿಗೆ ತಂಗಿ ಇಡ್ಲಿ ಬೇಕೆಂದು ಹಟ ಹಿಡಿದಳು. ಅಮ್ಮ ಅಲ್ಲೇ ಬಗ್ಗಿ ಓನರಮ್ಮನ ಕಾಲು ಹಿಡಿದುಕೊಂಡಳು.

ತಂಗಿ ಹೈಸ್ಕೂಲಿಗೆ ಬಂದ ವರ್ಷ ಓನರಮ್ಮನಿಗೆ ಲಕ್ವ ಹೊಡೆದು ಕೈಕಾಲೂ ಮಾತೂ ನಿಂತುಹೋದವು. ನೋವಿಗೆ ಮುಖ ಹಿಂಡುತ್ತಿದ್ದರು, ಎಲ್ಲಿ ಎಂದು ಹೇಳಲಾರರು. ನನಗೆ ನೋಡಲಾಗದೆ ಹೊರಗೆ ಬಂದುಬಿಡುತ್ತಿದ್ದೆ. ತಂಗಿ ಮಾತ್ರ ಸ್ಕೂಲಿನಿಂದ ನೇರ ಅವರ ಹಾಸಿಗೆಯ ಬಳಿ ಹೋಗಿ ಹಣೆ, ಭುಜ, ಹೊಟ್ಟೆ ಎಂದು ಮೆಲ್ಲಗೆ ಮುಟ್ಟುತ್ತ "ಇಲ್ಲಿ? ಇಲ್ಲಿ ನೋಯ್ತಿದ್ಯಾ?" ಎಂದು ಕೇಳುತ್ತಿದ್ದಳು. ಆ ಜಾಗ ಅವಳ ಕೈಗೆ ಸಿಗುವ ಮೊದಲೇ ಅವರು ಹೊರಟುಹೋದರು.